ಬಾಯಿ ಚಪಲ ಬಂದಾಗ ಕಣ್ಣಿಗೆ, ಕೈಗೆ ಕೆಲಸ ಕೊಡಿ

ಸಂಜೆ ನಾಲ್ಕಾಯಿತೆಂದರೆ ನನ್ನ ಬಾಯಿ ಚಾಕೊಲೇಟ್ ಕೇಳುತ್ತದೆ. ಬೇರೆ ಏನು ಕೊಟ್ಟರೂ ಅದಕ್ಕೆ ಸಮಾಧಾನವಿಲ್ಲ. ಹಸಿವನ್ನೂ ಚಪಲವನ್ನೂ ನಾನು ಬೇರೆ ಮಾಡಿ ನೋಡುವುದು ಇದರಿಂದಲೇ. ಈಗ ಮುಂದೆ ಸಾದಾ ಊಟ ಇಟ್ಟರೆ ಉಣ್ಣುತ್ತೀರಾ? ಹಾಗಿದ್ದರೆ ಅದು ಹಸಿವು, ಸುಮ್ನೆ ಊಟ ಮಾಡಿ. ಹಸಿವನ್ನು ಗದರಿಸಿ ಕೂರಿಸಬಾರದು. ಊಟ ಬೇಡ, ಅದೇ ಬೇಕು ಅನ್ನಿಸಿದರೆ ಮಾತ್ರ ಮುಂದಿನದು ನಿಮಗೆ.

ಚಪಲ ನಾಲಿಗೆಯದು ಅನ್ನುತ್ತೇವೆ, ಅಲ್ವಾ? ಆದರೆ ಅದು ಬೆಳೆಯುವುದು ಮನಸ್ಸಿನಲ್ಲಿ. ಕಾಗದ ಬಿಚ್ಚುವುದು, ತುಂಡು ಮುರಿಯುವುದು, ಬಾಯಲ್ಲಿ ಇಟ್ಟದ್ದು ಕರಗುವುದು, ಎಲ್ಲವೂ ಕಣ್ಣ ಮುಂದೆ ಬಂದು ನಿಲ್ಲುತ್ತವೆ. ಡೇವಿಡ್ ಕ್ಯಾವನಾ, ಜ್ಯಾಕಿ ಆಂಡ್ರೇಡ್, ಜಾನ್ ಮೇ ಎಂಬ ಮನಶ್ಶಾಸ್ತ್ರಜ್ಞರು 2005ರಲ್ಲಿ ಇದನ್ನೇ ವಿವರಿಸಿದರು. ಮನಸ್ಸು ಒಂದೇ ಹೊತ್ತಿಗೆ ಎರಡು ಚಿತ್ರಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಲಾರದು. ಮುಂದೆ ನಡೆದ ಪ್ರಯೋಗದಲ್ಲಿ ಮೇಲಿಂದ ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್ ಎಂಬ ವಿಡಿಯೋ ಗೇಮನ್ನು ಬರೀ 3 ನಿಮಿಷ ಆಡಿದವರ ಚಪಲ ತಗ್ಗಿತ್ತು.

ನನಗೆ ಗೇಮ್ ಒಗ್ಗುವುದಿಲ್ಲ. ಹೊಲಿಗೆ ಡಬ್ಬಿಯ ಗುಂಡಿಗಳನ್ನು ಮೇಜಿನ ಮೇಲೆ ಸುರಿದು ಬಣ್ಣ ನೋಡಿ ವಿಂಗಡಿಸುತ್ತೇನೆ. ಕಡು ನೀಲಿಯೋ ಕಪ್ಪೋ ಎಂದು ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸುತ್ತೇನೆ. ಎರಡು ತೂತಿನವು ಒಂದು ಕಡೆ, ನಾಲ್ಕು ತೂತಿನವು ಇನ್ನೊಂದು ಕಡೆ. ಅಷ್ಟರಲ್ಲಿ ಚಾಕೊಲೇಟಿನ ಚಿತ್ರ ಮಸುಕಾಗಿರುತ್ತದೆ. ನೀವು ಚಿತ್ರ ಬಿಡಿಸಿ, ಡ್ರಾಯರ್ ಜೋಡಿಸಿ. ಕಣ್ಣೂ ಕೈಯೂ ಒಟ್ಟಿಗೆ ದುಡಿಯಬೇಕು, ಅಷ್ಟೇ. ಅಡುಗೆ ವಿಡಿಯೋ ಮಾತ್ರ ಬೇಡ, ಅದು ಚಪಲವನ್ನು ಇನ್ನೂ ಕೆರಳಿಸುತ್ತದೆ. ಹೊರಗೆ ಹೋಗುವಂತಿದ್ದರೆ 15 ನಿಮಿಷ ಬಿರುಸಾಗಿ ನಡೆದು ಬನ್ನಿ, ಅದೂ ಕೆಲಸ ಮಾಡುತ್ತದೆ.

ತಿಂಡಿಯನ್ನು ಗಾಜಿನ ಡಬ್ಬಿಯಲ್ಲಿ ಇಡಬೇಡಿ. ಒಳಗಿನದು ಕಾಣದ ಡಬ್ಬಿಗೆ ಹಾಕಿ, ಸ್ಟೂಲ್ ಹತ್ತಿದರೆ ಮಾತ್ರ ಸಿಗುವ ಜಾಗದಲ್ಲಿಡಿ. ಕಾಣದ್ದರ ನೆನಪು ಕಡಿಮೆ. ನಿದ್ದೆಯನ್ನೂ ಬಿಡಬೇಡಿ. ನಿದ್ದೆಗೆಟ್ಟರೆ ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನ್ ಜಾಸ್ತಿಯಾಗಬಹುದು, ಮರುದಿನ ಸಿಹಿ, ಕರಿದದ್ದು ಹೆಚ್ಚು ಎಳೆಯುತ್ತವೆ.

ಇಷ್ಟಾದರೂ ಬೇಕೇ ಬೇಕು ಅನ್ನಿಸಿತೇ? ತಿನ್ನಿ. ಬೇಕಾದಷ್ಟನ್ನು ತಟ್ಟೆಗೆ ಹಾಕಿಕೊಂಡು, ಪ್ಯಾಕೆಟ್ ಎತ್ತಿಟ್ಟು ಬಂದು, ಕೂತು ತಿನ್ನಿ. ಫೋನ್ ಪಕ್ಕಕ್ಕಿರಲಿ. ರುಚಿ ಪೂರ್ತಿ ಸಿಗಲಿ. ಬೈದುಕೊಳ್ಳುತ್ತಾ ತಿಂದರೆ ತಿಂದ ಸುಖವೂ ಇಲ್ಲ.

ಎರಡು ಕಡೆ ಈ ಯಾವುದನ್ನೂ ಮಾಡಬೇಡಿ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರಿಗೆ ಕೈ ನಡುಗಿ, ಬೆವರಿ, ಸಿಹಿ ಬೇಕು ಅನ್ನಿಸಿದರೆ ಅದು ಚಪಲವಲ್ಲ, ರಕ್ತದ ಸಕ್ಕರೆ ಇಳಿದಿರಬಹುದು. ಗುಂಡಿ ಎಣಿಸುತ್ತಾ ಕೂರದೆ ತಕ್ಷಣ ಸಕ್ಕರೆ ತಿನ್ನಿ. ಐಸ್, ಸೀಮೆಸುಣ್ಣ, ಮಣ್ಣು ತಿನ್ನಬೇಕು ಅನ್ನಿಸುತ್ತಿದ್ದರೆ ಕಬ್ಬಿಣದ ಅಂಶ ಕಡಿಮೆಯಿರಬಹುದು. ಡಾಕ್ಟರಿಗೆ ನಾಚಿಕೊಳ್ಳದೆ ಹೇಳಿ, ರಕ್ತ ಪರೀಕ್ಷೆ ಮಾಡಿಸಿ.