ಟೆಕ್ನೋ ಮಿಕ್ಸಿಂಗ್: ಮೊದಲು ವೇಗ, ಆಮೇಲೆ ಶ್ರುತಿ

ಟೆಕ್ನೋ ಎಂಬ ಎಲೆಕ್ಟ್ರಾನಿಕ್ ನೃತ್ಯಸಂಗೀತದಲ್ಲಿ ಡಿಜೆ ಎರಡು ಟ್ರ್ಯಾಕ್‌ಗಳನ್ನು ಒಂದೆರಡು ನಿಮಿಷ ಜೊತೆಯಾಗಿ ಓಡಿಸುವುದು ಮಾಮೂಲಿ. ಅಷ್ಟು ಹೊತ್ತಿನಲ್ಲಿ ವೇಗದ ಸಣ್ಣ ತಪ್ಪೂ ಬಯಲಾಗುತ್ತದೆ. 130 ಬಿಪಿಎಂನಲ್ಲಿ (ನಿಮಿಷಕ್ಕೆ 130 ಬೀಟ್) ಎರಡು ಡೆಕ್‌ಗಳ, ಅಂದರೆ ಪ್ಲೇಯರ್‌ಗಳ, ನಡುವೆ ಬರೀ 0.1 ವ್ಯತ್ಯಾಸವಿದ್ದರೂ ಒಂದು ನಿಮಿಷಕ್ಕೆ, ಅಂದರೆ ಹೆಚ್ಚುಕಮ್ಮಿ 32 ಬಾರ್‌ಗಳಿಗೆ (ಒಂದು ಬಾರ್ ಎಂದರೆ ನಾಲ್ಕು ಬೀಟ್), ಕಿಕ್ ಡ್ರಮ್‌ನ ಏಟುಗಳು 46 ಮಿಲಿಸೆಕೆಂಡ್ ಸರಿದಿರುತ್ತವೆ. ಒಂದೇ ಏಟು ಕೇಳಬೇಕಾದಲ್ಲಿ ಎರಡು ಕೇಳುತ್ತವೆ. ಆದ್ದರಿಂದ ಸಿಡಿಜೆಯ (ಡಿಜೆಗಳು ಬಳಸುವ ಪ್ಲೇಯರ್) ಟೆಂಪೋ ರೇಂಜ್ ಶೇ. ±6ರಲ್ಲೇ ಇರಲಿ. ಅಲ್ಲಿ ಟೆಂಪೋ ಫೇಡರ್ (ವೇಗ ಬದಲಿಸುವ ಜಾರುಗುಂಡಿ) ಶೇ. 0.02ರ ಹೆಜ್ಜೆಯಲ್ಲಿ ಸರಿಯುತ್ತದೆ.

ಬರಲಿರುವ ಟ್ರ್ಯಾಕ್‌ನ ಮೊದಲ ಕಿಕ್ ಮೇಲೆ ಕ್ಯೂ (ಶುರುವಾಗಬೇಕಾದ ಜಾಗದ ಗುರುತು) ಇಡಿ. ಓಡುತ್ತಿರುವ ಟ್ರ್ಯಾಕ್‌ನಲ್ಲಿ ಹೊಸ 16 ಬಾರ್ ಶುರುವಾಗುವ ಒಂದನೇ ಬೀಟಿಗೆ ಸರಿಯಾಗಿ ಅದನ್ನು ಬಿಡಿ. ಹೆಡ್‌ಫೋನ್‌ನಲ್ಲಿ ಎರಡನ್ನೂ ಕೇಳುತ್ತ ಕ್ಲಾಪ್ ಅಥವಾ ಹೈ-ಹ್ಯಾಟ್ ಕಡೆ ಗಮನ ಕೊಡಿ. ಜಾರಿದ್ದು ಕಿಕ್‌ಗಿಂತ ಅಲ್ಲಿ ಬೇಗ ತಿಳಿಯುತ್ತದೆ. ಜಾಗ್ ವೀಲನ್ನು (ಪ್ಲೇಯರ್ ಮೇಲಿನ ದೊಡ್ಡ ಚಕ್ರ) ಮುಂದಕ್ಕೆ ತಳ್ಳಿ ಸರಿಮಾಡಿದ ಸ್ವಲ್ಪ ಹೊತ್ತಿಗೆ ಮತ್ತೆ ಮುಂದಕ್ಕೇ ತಳ್ಳಬೇಕಾಯಿತೆಂದರೆ ಟ್ರ್ಯಾಕ್ ನಿಧಾನವಿದೆ ಎಂದರ್ಥ. ಫೇಡರನ್ನು ನಿಮ್ಮ ಕಡೆಗೆ ಕೂದಲೆಳೆಯಷ್ಟು ಎಳೆಯಿರಿ. ವೇಗವನ್ನು ತಾನೇ ಹೊಂದಿಸುವ ಸಿಂಕ್ ಗುಂಡಿ ಒತ್ತುವುದರಲ್ಲಿ ತಪ್ಪೇನಿಲ್ಲ, ಗ್ರಿಡ್ (ಸಾಫ್ಟ್‌ವೇರ್ ಹಾಕುವ ಬೀಟ್ ಗುರುತುಗಳು) ಸರಿಯಿದ್ದರೆ. ಹಳೇ ವಿನೈಲ್‌ನಿಂದ ರೆಕಾರ್ಡ್ ಮಾಡಿಕೊಂಡ ಫೈಲ್‌ಗಳಲ್ಲಿ ಗ್ರಿಡ್ ಶುರುವಿಗೆ ಕೂತಿದ್ದು ಕೊನೆಗೆ ತಪ್ಪಿರುತ್ತದೆ. ಮೊದಲೇ ಕೊನೆಯ ಬಾರ್‌ವರೆಗೂ ನೋಡಿಕೊಳ್ಳಿ.

ಇನ್ನು ಶ್ರುತಿ. ಕ್ಯಾಮೆಲಾಟ್ ಚಕ್ರದ (ಶ್ರುತಿಗಳನ್ನು, ಅಂದರೆ ಕೀಗಳನ್ನು, 1ರಿಂದ 12ರ ಮನೆಗಳಲ್ಲಿ ಜೋಡಿಸಿದ ಚಿತ್ರ) ಲೆಕ್ಕದಲ್ಲಿ 8ಎ, ಅಂದರೆ ಎ ಮೈನರ್, 7ಎ, 9ಎ, 8ಬಿ ಜೊತೆ ಹೊಂದುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಮಾಸ್ಟರ್ ಟೆಂಪೋ (ವೇಗ ಬದಲಾದರೂ ಶ್ರುತಿಯನ್ನು ಹಿಡಿದಿಡುವ ಗುಂಡಿ) ಆಫ್ ಇದ್ದಾಗ ಫೇಡರ್ ಸರಿಸಿದರೆ ಕೀ ಕೂಡ ಸರಿಯುತ್ತದೆ ಎಂಬುದು ಮರೆತುಹೋಗುತ್ತದೆ. ಸುಮಾರು ಶೇ. 6 ಏರಿಸಿದರೆ ಒಂದು ಸೆಮಿಟೋನ್ (ಅರ್ಧ ಸ್ವರ), ಚಕ್ರದಲ್ಲಿ ಏಳು ಮನೆ ಮುಂದೆ. 128ರ 8ಎ ಟ್ರ್ಯಾಕನ್ನು 136ಕ್ಕೆ ಓಡಿಸಿದರೆ ಅದು ಹತ್ತಿರಹತ್ತಿರ 3ಎ ಆಗಿರುತ್ತದೆ. 132ರದ್ದನ್ನು 136ಕ್ಕೆ ಏರಿಸುವುದು ಇನ್ನೂ ಕೆಟ್ಟದ್ದು: ಶೇ. 3, ಅರ್ಧ ಸೆಮಿಟೋನ್. ಚಕ್ರದ ಯಾವ ಮನೆಗೂ ಅದು ಸೇರುವುದಿಲ್ಲ. ಆಗ ಮಾಸ್ಟರ್ ಟೆಂಪೋ ಆನ್ ಮಾಡಲೇಬೇಕು. ಅದಕ್ಕೂ ಬೆಲೆಯಿದೆ: ಬದಲಾವಣೆ ಹೆಚ್ಚಿದಷ್ಟೂ ಕಿಕ್‌ನ ಏಟು ಮೊಂಡಾಗುತ್ತದೆ. ಶೇ. 1ರೊಳಗೆ ಇದ್ದರೆ ಆಫ್ ಇರುವುದೇ ವಾಸಿ.

ಸಾಫ್ಟ್‌ವೇರ್ ಕೊಡುವ ಕೀಯನ್ನು ಪೂರ್ತಿ ನಂಬಬೇಡಿ. ಬರೀ ಡ್ರಮ್ ಮತ್ತು ರಂಬಲ್ (ಕಿಕ್‌ನ ಅಡಿಯಲ್ಲಿ ಗುಡುಗುವ ಬಾಸ್) ಇರುವ ಟ್ರ್ಯಾಕ್‌ಗೂ ಅದು ಏನೋ ಒಂದು ಕೀ ಬರೆದುಬಿಡುತ್ತದೆ. ಇಂಥ ಕಡೆ ನೋಡಬೇಕಾದದ್ದು ರಂಬಲ್‌ನ ಸ್ವರ; ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ ಕೆಳಗಿನ ದೊಡ್ಡ ಶಿಖರವೇ ಸಾಮಾನ್ಯವಾಗಿ ಅದು. ಒಂದರದ್ದು 49 ಹರ್ಟ್ಜ್ (ಜಿ), ಇನ್ನೊಂದರದ್ದು 46.25 (ಎಫ್ ಶಾರ್ಪ್) ಇದ್ದರೆ ಎರಡೂ ಕೂಡಿ ಸೆಕೆಂಡಿಗೆ ಸುಮಾರು ಮೂರು ಸಲ ಉಬ್ಬಿ ತಗ್ಗುತ್ತವೆ. ಜಾರಿದ್ದು ಬೀಟೇ ಇರಬೇಕು ಅಂದುಕೊಂಡು ಹೊಸಬರು ಜಾಗ್ ತಿರುಗಿಸುತ್ತ ಕೂರುವುದು ಇಲ್ಲೇ.

ಮದ್ದು ಸುಲಭ. ಬರುವ ಟ್ರ್ಯಾಕ್‌ನ ಲೋ ಇಕ್ಯೂ (ಮಿಕ್ಸರ್‌ನಲ್ಲಿ ಬಾಸ್ ಹೆಚ್ಚುಕಮ್ಮಿ ಮಾಡುವ ಗುಂಡಿ) ಪೂರ್ತಿ ಇಳಿಸಿಟ್ಟು ಅದರ ವಾಲ್ಯೂಮ್ ಫೇಡರ್ ಏರಿಸಿ. ಹೊಸ ಫ್ರೇಜ್‌ನ (ಆ 16 ಬಾರ್‌ನ ಗುಂಪು) ಒಂದನೇ ಬೀಟಿನಲ್ಲಿ, ಎರಡೂ ಕೈ ಒಟ್ಟಿಗೆ ಆಡಿಸಿ, ಬರುವುದರ ಲೋ ಏರಿಸಿ ಹೋಗುವುದರದ್ದು ಇಳಿಸಿ. ಪ್ಯಾಡ್ ಅಥವಾ ಸಿಂತ್ ಲೈನ್ ಕೂಡ ಜಗಳಾಡುತ್ತಿದ್ದರೆ ಇಕ್ಯೂನಿಂದ ಹೆಚ್ಚು ಪ್ರಯೋಜನವಿಲ್ಲ. ಹೋಗುವ ಟ್ರ್ಯಾಕ್‌ನಲ್ಲಿ ಬರೀ ಡ್ರಮ್ ಉಳಿದಿರುವ 4 ಬಾರ್ ಹಿಡಿದು ಲೂಪ್ ಹಾಕಿ, ಅದರ ಮೇಲೆ ಹೊಸದನ್ನು ತನ್ನಿ.