ಕುವೈತ್‌ಗೆ ಹೋದ ಖಾರ ಬಿಸ್ಕತ್ತು

ಮಗ ಅಮೆರಿಕದ ಸೈನ್ಯ ಸೇರಿ ಕುವೈತ್‌ಗೆ ಹೋದ ಮೇಲೆ ನಾನು ಕಳಿಸಿದ ಮೊದಲ ಪೆಟ್ಟಿಗೆಯಲ್ಲಿ ಬೆಣ್ಣೆ ಬಿಸ್ಕತ್ತು ಇತ್ತು. ಜೊತೆಗೆ, ಬೇಕಾಗುತ್ತೇನೋ ಅಂತ ನಾಲ್ಕು ಲ್ಯಾವೆಂಡರ್ ಸೋಪು. ಮೂರು ವಾರ ಎರಡೂ ಒಂದೇ ಪೆಟ್ಟಿಗೆಯಲ್ಲಿ ಸಂಸಾರ ಮಾಡಿವೆ. "ಹೇಗಿತ್ತೋ?" ಅಂತ ವಿಡಿಯೋ ಕಾಲ್‌ನಲ್ಲಿ ಕೇಳಿದೆ. "ಘಮಘಮ ಅಮ್ಮಾ. ತಿಂದ ಮೇಲೆ ಬಾಯಿ ತೊಳೆಯೋದೇ ಬೇಡ" ಅಂದ.

ಅವತ್ತಿನಿಂದ ಸೋಪು, ಶಾಂಪೂ ಬೇರೆ ಪೆಟ್ಟಿಗೆಗೆ. ಪುದೀನ ಚಾಕೊಲೇಟ್ ಕೂಡ ಹಾಗೇ, ಪಕ್ಕದಲ್ಲಿ ಏನಿದ್ದರೂ ಅದಕ್ಕೆ ತನ್ನ ವಾಸನೆ ಹಿಡಿಸಿಬಿಡುತ್ತೆ.

ಎರಡನೇ ಪಾಠ ಬಿಸಿಲಿನದು. 2016ರ ಜುಲೈನಲ್ಲಿ ಕುವೈತ್‌ನ ಮಿತ್ರಿಬಾದಲ್ಲಿ 53.9 ಡಿಗ್ರಿ ಸೆಲ್ಸಿಯಸ್ ದಾಖಲಾಗಿತ್ತು. ಅಂಥ ಊರಿಗೆ ಬೇಸಿಗೆಯಲ್ಲಿ ಚಾಕೊಲೇಟ್ ಚಿಪ್ ಕುಕ್ಕಿ ಕಳಿಸಿದರೆ ಏನಾಗುತ್ತೆ ಅಂತ ಹೇಳಬೇಕಾ? ಕ್ರೀಮ್ ಇರೋದು, ಮೆತ್ತಗಿನ ಕೇಕು, ಹಣ್ಣಿನ ಪೂರಣ, ಎಲ್ಲಾ ಬಿಟ್ಟೆ. ಒಣಗಿದ್ದೇ ಬೇಕು. ಹಾಗೆ ಯೋಚಿಸುತ್ತಾ ಕೂತಾಗ ನೆನಪಾಗಿದ್ದು ಬೆಂಗಳೂರಿನ ಅಯ್ಯಂಗಾರ್ ಬೇಕರಿಯ ಖಾರ ಬಿಸ್ಕತ್ತು.

ನಾನು ಮಾಡೋದು ಹೀಗೆ. ಎರಡು ಕಪ್ ಮೈದಾಕ್ಕೆ ಅರ್ಧ ಕಪ್ ಬೆಣ್ಣೆ, ಎರಡು ಚಮಚ ಸಕ್ಕರೆ ಪುಡಿ, ಉಪ್ಪು, ಚಿಟಿಕೆ ಬೇಕಿಂಗ್ ಪೌಡರ್, ಕಲಸಲು ಬೇಕಾದಷ್ಟೇ ಮೊಸರು. ಬೇಕರಿಯವರು ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಹಾಕುತ್ತಾರೆ. ಮನೆಯಲ್ಲಿ ತಿನ್ನೋಕೆ ನಾನೂ ಹಾಕ್ತೀನಿ. ಆದರೆ ಮೂರು ವಾರದ ಪ್ರಯಾಣಕ್ಕೆ ಹಸಿ ಪದಾರ್ಥ ಅಂದರೆ ನನಗೆ ಭಯ. ಅದಕ್ಕೇ ಒಣಮೆಣಸಿನಕಾಯಿ ತರಿ, ಕೈಯಲ್ಲಿ ಒತ್ತಿದರೆ ಪುಡಿಯಾಗುವಷ್ಟು ಬಾಣಲೆಯಲ್ಲಿ ಹುರಿದ ಕರಿಬೇವು. ಲಟ್ಟಿಸಿ, ಬಾಟಲಿ ಮುಚ್ಚಳದಲ್ಲಿ ಕತ್ತರಿಸಿ, 350 ಫ್ಯಾರನ್‌ಹೀಟ್‌ನಲ್ಲಿ ಸುಮಾರು 20 ನಿಮಿಷ. ಆರಿದ ಮೇಲೆ 250ರಲ್ಲಿ ಇನ್ನೊಂದು ಸಲ 10 ನಿಮಿಷ. ಮುರಿದಾಗ ಟಪ್ ಅನ್ನಬೇಕು. ಬಗ್ಗಿದರೆ ವಾಪಸ್ ಓವನ್‌ಗೆ.

ಪೂರ್ತಿ ತಣ್ಣಗಾಗುವ ತನಕ ಕಟ್ಟಬಾರದು. ಬೆಚ್ಚಗಿದ್ದರೆ ಒಳಗೇ ಬೆವರುತ್ತೆ. ಎರಡೆರಡು ಬಿಸ್ಕತ್ತನ್ನು ಬೆನ್ನಿಗೆ ಬೆನ್ನು ಕೊಟ್ಟು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ತಗಡಿನ ಡಬ್ಬಿಯಲ್ಲಿ ನಿಲ್ಲಿಸಿ ಜೋಡಿಸ್ತೀನಿ. ಮಲಗಿಸಿದರೆ ಕೆಳಗಿನವು ನುಚ್ಚಾಗುತ್ತವೆ. ಪೆಟ್ಟಿಗೆ ಮುಚ್ಚಿ ಅಲ್ಲಾಡಿಸಿದಾಗ ಸದ್ದು ಬಂದರೆ ಇನ್ನೂ ಕಾಗದ ತುರುಕಬೇಕು ಅಂತ ಅರ್ಥ.

ಅಂಚೆಯ ವಿಷಯ ಅಂದುಕೊಂಡಷ್ಟು ಕಷ್ಟ ಇಲ್ಲ. ಸೈನಿಕರ ಎಪಿಒ, ಅಂದರೆ ಸೈನ್ಯದ ಅಂಚೆ ಕಚೇರಿಯ ವಿಳಾಸಕ್ಕೆ ಅಮೆರಿಕದೊಳಗಿನ ದರವೇ. 12 ಇಂಚು ಉದ್ದ, 12 ಇಂಚು ಅಗಲ, ಐದೂವರೆ ಇಂಚು ಎತ್ತರದ ಫ್ಲಾಟ್ ರೇಟ್ ಪೆಟ್ಟಿಗೆಯನ್ನು ಅಂಚೆ ಕಚೇರಿಯಲ್ಲಿ ಪುಕ್ಕಟೆ ಕೊಡ್ತಾರೆ. 70 ಪೌಂಡ್ ಒಳಗೆ ಎಷ್ಟು ತೂಕ ಇದ್ದರೂ ಒಂದೇ ಬೆಲೆ. ವಿಳಾಸದಲ್ಲಿ ಮಾತ್ರ ಕುವೈತ್ ಅಂತ ಬರೆಯಬಾರದು, ಬರೆದರೆ ಪೆಟ್ಟಿಗೆ ಆ ದೇಶದ ಅಂಚೆಯ ಕೈಗೆ ಹೋಗಿಬಿಡಬಹುದು. ಹೆಸರು, ಯೂನಿಟ್, ಎಪಿಒ, ರಾಜ್ಯದ ಹೆಸರಿನ ಜಾಗದಲ್ಲಿ ಎಇ ಅನ್ನೋ ಸೈನ್ಯದ ಅಂಚೆ ಗುರುತು, ಜಿಪ್ ಕೋಡ್, ಅಷ್ಟೇ. ಕಸ್ಟಮ್ಸ್ ಫಾರಂನಲ್ಲಿ ಸುಮ್ನೆ 'ತಿಂಡಿ' ಅಂದರೆ ಆಗಲ್ಲ, ಒಳಗಿರೋದನ್ನೆಲ್ಲ ಬಿಡಿಸಿ ಬರೆಯಬೇಕು. ಖಾರ ಬಿಸ್ಕತ್ತಿಗೆ ಇಂಗ್ಲಿಷಿನಲ್ಲಿ ಏನು ಬರೆಯೋದು ಅಂತ ಕೌಂಟರ್ ಮುಂದೆ ಐದು ನಿಮಿಷ ನಿಂತಿದ್ದೆ. ಕೊನೆಗೆ 'ಸ್ಪೈಸಿ ಕುಕ್ಕೀಸ್' ಅಂತ ಬರೆದೆ.

ಈಗ ಒಂದು ಡಬ್ಬಿ ಸಾಕಾಗಲ್ಲ. ಮಗನ ರೂಮಿನ ಹುಡುಗರು ಅದಕ್ಕೆ ಬಿಸಿಯಾದ ಚೀಸ್ ಹಚ್ಚಿಕೊಂಡು ತಿಂತಾರಂತೆ. ಕೇಳಿ ಎದೆ ಧಸಕ್ಕೆಂದಿತು. ಹೋದ ವಾರ ನಾನೂ ಹಚ್ಚಿ ನೋಡಿದೆ. ಪರವಾಗಿಲ್ಲ.