ಗೊರಿಲ್ಲಾ ನೋಡಲು ಹೋಗುವವರಿಗೆ: ನಿಮ್ಮ ದುಡ್ಡು ಆ ಊರಿಗೂ ಸೇರಲಿ

ಮೂಡಿಗೆರೆ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ, ಜೊತೆಗೆ ಮೂರು ರೂಮಿನ ಹೋಂಸ್ಟೇ. ಬಂದವರು ಕಾರಿಂದ ಇಳಿಯುತ್ತಲೇ ಕೇಳುವುದು ಒಂದೇ: "ಆಂಟಿ, ಆನೆ ತೋರಿಸ್ತೀರಾ?" ಆನೆ ಮುರಿದು ಹಾಕಿದ ಕಾಫಿ ಗಿಡ ತೋರಿಸುತ್ತೇನೆ. ಪ್ರಾಣಿ ತೋರಿಸಿ ಕಾಸು ಮಾಡುವವರು ಒಬ್ಬರು, ಬೆಳೆ ಕಳೆದುಕೊಳ್ಳುವವರು ಇನ್ನೊಬ್ಬರು. ಹೋದ ವರ್ಷ ನಾನು ಮತ್ತು ತಂಗಿ ಉಗಾಂಡಾದ ಬ್ವಿಂಡಿ ಕಾಡಿಗೆ ಗೊರಿಲ್ಲಾ ನೋಡಲು ಹೋದಾಗಲೂ ಇದೇ ಲೆಕ್ಕ ತಲೆಯಲ್ಲಿತ್ತು. ವಾಪಸ್ ಬಂದ ಮೇಲೆ ಫೋನ್ ಮಾಡಿ ವಿಚಾರಿಸಿದವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೋಗಲು ಜೂನ್‌ನಿಂದ ಆಗಸ್ಟ್ ಒಳ್ಳೆಯ ಸಮಯ. ಅಲ್ಲಿ ಮಳೆ ಕಡಿಮೆ. ನಮ್ಮಲ್ಲಿ ಜಡಿಮಳೆ, ತೋಟದಲ್ಲೂ ಅಂಥ ಕೆಲಸ ಇರುವುದಿಲ್ಲ. ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡು ಅದರ ಸರ್ಟಿಫಿಕೇಟ್ ಪಾಸ್‌ಪೋರ್ಟ್ ಜೊತೆಗೇ ಇಟ್ಟುಕೊಳ್ಳಿ. ನಾವು ಮುಂಬೈಗೆ ಹೋಗಿ ಅಲ್ಲಿಂದ ಉಗಾಂಡಾದ ಎಂಟೆಬೆಗೆ ವಿಮಾನ ಹತ್ತಿದೆವು. ಎಂಟೆಬೆಯಿಂದ ಬ್ವಿಂಡಿಗೆ ರಸ್ತೆಯಲ್ಲಿ ಪೂರ್ತಿ ಒಂದು ದಿನ ಬೇಕು.

ಎಲ್ಲಕ್ಕಿಂತ ಮೊದಲು ಗೊರಿಲ್ಲಾ ನೋಡುವ ಪರ್ಮಿಟ್ ಮಾಡಿಸಿ. ವಿಮಾನದ ಟಿಕೆಟ್ ಆಮೇಲೆ. ಒಂದು ಗೊರಿಲ್ಲಾ ಕುಟುಂಬಕ್ಕೆ ದಿನಕ್ಕೆ ಎಂಟೇ ಜನ, ಒಂದೇ ಗಂಟೆ. ವಿದೇಶಿಯರಿಗೆ ಉಗಾಂಡಾದಲ್ಲಿ 800 ಡಾಲರ್, ಅಂದರೆ 70 ಸಾವಿರ ರೂಪಾಯಿ ಹತ್ತಿರ. ಪಕ್ಕದ ರುವಾಂಡಾದಲ್ಲಿ 1,500 ಡಾಲರ್. ಕೇಳಿದ ಕೂಡಲೇ ನಮ್ಮ ಮನೆಯವರು "ಒಂದು ಗಂಟೆಗಾ?" ಅಂದರು. ಆದರೆ ಈ ದುಡ್ಡಲ್ಲೇ ಕಾವಲುಗಾರರ ಸಂಬಳ ನಡೆಯಬೇಕು. ಊರಿನವರಿಗೂ ಪಾಲಿದೆ. ಉಗಾಂಡಾದಲ್ಲಿ ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕದ ಶೇ. 20 ಮತ್ತು ಪ್ರತಿ ಗೊರಿಲ್ಲಾ ಪರ್ಮಿಟ್‌ನಿಂದ 10 ಡಾಲರ್ ಸುತ್ತಲ ಹಳ್ಳಿಗಳಿಗೆ ಹೋಗಬೇಕು. ರುವಾಂಡಾದಲ್ಲಿ ಉದ್ಯಾನಗಳ ಪ್ರವಾಸೋದ್ಯಮ ಆದಾಯದ ಶೇ. 10. 800ರಲ್ಲಿ 10 ಡಾಲರ್ ಅಂದರೆ ಏನೇನೂ ಅಲ್ಲ ಅಂತ ನನಗೂ ಅನ್ನಿಸಿತು. ಅದಕ್ಕೇ ಮಿಕ್ಕ ಖರ್ಚನ್ನು ಎಲ್ಲಿ ಮಾಡುತ್ತೀರಿ ಅನ್ನುವುದು ಮುಖ್ಯ.

ಪರ್ಮಿಟ್ ಮೇಲೆ ಕಾಡಿನ ಯಾವ ಭಾಗ ಅಂತ ಬರೆದಿರುತ್ತದೆ: ಬುಹೋಮಾ, ರುಹಿಜಾ, ರುಶಾಗಾ, ನ್ಕುರಿಂಗೋ. ರೂಮು ಅದೇ ಭಾಗದಲ್ಲಿರಬೇಕು. ನಮ್ಮ ಏಜೆಂಟ್ ಮಹಾಶಯರು ರುಶಾಗಾದ ಪರ್ಮಿಟ್ ಮಾಡಿಸಿ, ರೂಮನ್ನು ಬುಹೋಮಾದಲ್ಲಿ ಹಾಕಿದ್ದರು. ಒಂದು ತೆಂಕಣ ತುದಿ, ಇನ್ನೊಂದು ಬಡಗಣ ತುದಿ. ರಾತ್ರಿ ಮೂರೂವರೆಗೆ ಎದ್ದು, ನಮ್ಮ ಚಾರ್ಮಾಡಿ ಘಾಟಿಯೇ ವಾಸಿ ಅನ್ನುವಂಥ ರಸ್ತೆಯಲ್ಲಿ ಹೋದೆವು. ಎರಡನೇ ರಾತ್ರಿಗೆ ನಾವೇ ಊರಿನವರೊಬ್ಬರ ಸಣ್ಣ ವಸತಿಗೃಹ ಹುಡುಕಿಕೊಂಡೆವು. ಕೆಲಸಕ್ಕಿದ್ದ ಹುಡುಗಿಯರು ಅದೇ ಹಳ್ಳಿಯವರು, ಬಾಳೆಕಾಯಿ ಬೇಯಿಸಿ ಮಾಡಿದ ಮಟೋಕೆಯೂ ಹಿತ್ತಲಿನದ್ದೇ. ಬುಕ್ ಮಾಡುವಾಗ ಎರಡೇ ಪ್ರಶ್ನೆ ಕೇಳಿ: ಯಜಮಾನರು ಯಾವ ಊರಿನವರು? ಅಡುಗೆ ಸಾಮಾನು ಎಲ್ಲಿಂದ ಬರುತ್ತದೆ? ಉತ್ತರ ತಡವರಿಸಿದರೆ ಬೇರೆ ಕಡೆ ನೋಡಿ.

ಪೋರ್ಟರ್ ಬೇಡ ಅನ್ನಬೇಡಿ. ನಾನು ದಿನಾ ತೋಟದ ಏರು ಹತ್ತುವವಳು, ನನಗ್ಯಾಕೆ ಅಂತ ಮೊದಲು ಬೇಡ ಅಂದಿದ್ದೆ. ತಂಗಿ ಬೈದು ಇಬ್ಬರನ್ನು ಮಾಡಿಸಿದಳು. ತಲಾ 20 ಡಾಲರ್ ಕೊಟ್ಟೆವು. ಅರ್ಧ ಗಂಟೆಯಲ್ಲೇ ನನ್ನ ಬೂಟು ಕೆಸರಲ್ಲಿ ಹೂತುಹೋಯಿತು. ಆ ಹುಡುಗ ಒಂದು ಕೈಯಲ್ಲಿ ಬೇರು ಹಿಡಿದು, ಇನ್ನೊಂದರಲ್ಲಿ ನನ್ನ ಮಣಿಕಟ್ಟು ಹಿಡಿದು ಎಳೆದ. ಬೂಟು ಅಲ್ಲೇ ಉಳಿಯಿತು. ಅವನೇ ಕಿತ್ತು, ಎಲೆಯಿಂದ ಒರೆಸಿ ಕೊಟ್ಟ. ಅವರಪ್ಪ ಹಿಂದೆ ಕಾಡಲ್ಲಿ ಉರುಳು ಹಾಕುತ್ತಿದ್ದರಂತೆ. ಈಗ ಮಗನಿಗೆ ವಾರಕ್ಕೆ ಎರಡು ದಿನ ಈ ಕೆಲಸ.

ತೋಟಕ್ಕೆ ಹಾಕುವ ದಪ್ಪ ಕೈಗವಸು ಒಯ್ಯಿರಿ. ನಮ್ಮ ತುರುಚೆ ಗಿಡದ ಅಣ್ಣ ಅಲ್ಲಿ ಬೆಳೆಯುತ್ತದೆ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಕೊಳ್ಳಿ. ಇಲ್ಲಿ ಉಂಬಳಕ್ಕೆ, ಅಲ್ಲಿ ಇರುವೆಗೆ.

ನೆಗಡಿ, ಕೆಮ್ಮು ಇದ್ದರೆ ಹೋಗಲೇಬೇಡಿ, ದುಡ್ಡು ಹೋದರೂ ಸರಿ. ಗೊರಿಲ್ಲಾ ನಮಗೆ ಎಷ್ಟು ಹತ್ತಿರದ ನೆಂಟ ಅಂದರೆ ನಮ್ಮ ಕಾಯಿಲೆ ಸಲೀಸಾಗಿ ಅಂಟುತ್ತದೆ. 1996ರಲ್ಲಿ ಬ್ವಿಂಡಿಯ ಒಂದು ಗುಂಪಿಗೆ ಕಜ್ಜಿ ಬಂದು ಒಂದು ಮರಿ ಸತ್ತಿತು. ಹೊಲದ ಬೆದರುಬೊಂಬೆಗೆ ಹಾಕಿದ್ದ ಹಳೇ ಬಟ್ಟೆಯಿಂದ ಬಂದಿರಬಹುದು ಅಂತ ಅನುಮಾನ. ಆಗ ಚಿಕಿತ್ಸೆ ಕೊಟ್ಟ ಪಶುವೈದ್ಯೆ ಗ್ಲಾಡಿಸ್ ಕಲೆಮಾ-ಝಿಕುಸೋಕಾ. ಊರಿನವರ ಆರೋಗ್ಯ ನೋಡದೆ ಗೊರಿಲ್ಲಾ ಉಳಿಯಲ್ಲ ಅಂತ ಆಮೇಲೆ ಸಂಸ್ಥೆಯನ್ನೇ ಕಟ್ಟಿದರು. ಅಲ್ಲಿ ಮಾಸ್ಕ್ ಕಡ್ಡಾಯ. 10 ಮೀಟರ್ ದೂರ ನಿಲ್ಲಿ ಅಂತ ನಮಗೆ ಹೇಳಿದ್ದರು. ಗೈಡ್‌ಗೆ ಕಾಸು ತೋರಿಸಿ "ಇನ್ನೂ ಸ್ವಲ್ಪ ಹತ್ತಿರ" ಅನ್ನಬೇಡಿ. ನಮ್ಮ ಜೀಪ್ ಡ್ರೈವರ್‌ಗಳಿಗೆ ಅತಿಥಿಗಳು ಮಾಡುವುದೂ ಇದನ್ನೇ.

ನಾವು ಕಂಡಾಗ ಬೆನ್ನು ಬೆಳ್ಳಗಾದ ಯಜಮಾನ ಗಂಡು ಕೂತು ದಂಟಿನ ಸಿಪ್ಪೆ ಸುಲಿಯುತ್ತಿದ್ದ. ಕಬ್ಬು ಸಿಗಿದ ಹಾಗೆ ಹಲ್ಲಲ್ಲಿ ಕಚ್ಚಿ ಎಳೆದು, ಒಳಗಿನ ತಿರುಳು ತಿಂದು, ಸಿಪ್ಪೆ ತೊಡೆ ಮೇಲೆ ಬೀಳಿಸುತ್ತಿದ್ದ. ನಮ್ಮ ಕಡೆ ಒಮ್ಮೆ ನೋಡಿದ, ಅಷ್ಟೆ. ನಾನು ಎರಡು ಫೋಟೊ ತೆಗೆದು ಫೋನ್ ಒಳಗಿಟ್ಟೆ.

ಇವು ಬೆಟ್ಟದ ಗೊರಿಲ್ಲಾಗಳು. ಇಡೀ ಜಗತ್ತಿನಲ್ಲಿ ಇವುಗಳ ಲೆಕ್ಕ ಈಚಿನ ಎಣಿಕೆಗಳಲ್ಲಿ 1,063. 2018ರಲ್ಲಿ ಇವನ್ನು ತೀರಾ ಅಪಾಯದ ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗಿಳಿಸಿದರು. ಆದರೆ ಈ ಕಥೆಗೆ ಇನ್ನೊಂದು ಮಗ್ಗುಲಿದೆ. 1991ರಲ್ಲಿ ಬ್ವಿಂಡಿ ಉದ್ಯಾನವಾದಾಗ ಕಾಡನ್ನೇ ನಂಬಿದ್ದ ಬಟ್ವಾ ಜನರನ್ನು ಹೊರಗೆ ಹಾಕಿದರು. ಹೆಚ್ಚಿನವರಿಗೆ ಭೂಮಿಯೂ ಸಿಗಲಿಲ್ಲ. ನಮ್ಮ ಭದ್ರಾ ಕಾಡಿನಿಂದ ಹೊರಬಂದ ಹಳ್ಳಿಯವರಿಗೆ ಎಂ.ಸಿ. ಹಳ್ಳಿ ಕಡೆ ಜಮೀನಾದರೂ ಕೊಟ್ಟರು. ಹಾಗಾಗಿ ಬಟ್ವಾ ಕುಣಿತ ತೋರಿಸುತ್ತೇವೆ ಅಂದರೆ ಸುಮ್ನೆ ತಲೆಯಾಡಿಸಬೇಡಿ. ದುಡ್ಡು ಅವರ ಕೈಗೇ ಹೋಗುತ್ತಾ ಅಂತ ಕೇಳಿ, ಸಾಧ್ಯವಾದರೆ ನೀವೇ ಅವರ ಕೈಗೆ ಕೊಡಿ.

ಬರುವಾಗ ಬೊಂಬೆ, ಕೀಚೈನ್ ಬದಲು ಕಾಫಿಪುಡಿ ತನ್ನಿ. ಕಾಡಂಚಿನ ರೈತರಿಂದ ಅರೇಬಿಕಾ ಕೊಂಡು 'ಗೊರಿಲ್ಲಾ ಕನ್ಸರ್ವೇಶನ್ ಕಾಫಿ' ಅಂತ ಮಾರುತ್ತಾರೆ. ಗ್ಲಾಡಿಸ್ ಅವರೇ ಶುರು ಮಾಡಿದ್ದು. ಬೆಳೆಗೆ ಒಳ್ಳೆ ರೇಟು ಸಿಕ್ಕರೆ ಸೌದೆಗೆ, ಬೇಟೆಗೆ ಕಾಡಿಗೆ ಹೋಗುವುದು ಕಡಿಮೆಯಾಗುತ್ತದೆ ಅಲ್ವಾ? ನಮ್ಮ ಮನೆಯವರು ಕುಡಿದು, "ಚಿಕೋರಿ ಹಾಕಿಲ್ವಾ?" ಅಂದರು.

ಅಷ್ಟು ದುಡ್ಡು ಆಗಲ್ಲ ಅನ್ನುವವರಿಗೆ ಅಸ್ಸಾಂ ಇದೆ. ಜೋರ್ಹಾಟ್ ಹತ್ತಿರದ ಹೊಲೊಂಗಾಪಾರ್‌ನಲ್ಲಿ ಹೂಲಾಕ್ ಗಿಬ್ಬನ್ ಸಿಗುತ್ತದೆ. ಬಾಲವಿಲ್ಲದ ವಾನರ ನಮ್ಮ ದೇಶದಲ್ಲಿ ಇರುವುದು ಗಿಬ್ಬನ್ ಒಂದೇ. ಸುತ್ತ ಟೀ ತೋಟ, ನಡುವೆ ರೈಲು ಹಳಿ, ಉಳಿದಿರುವುದು ಸುಮಾರು 21 ಚದರ ಕಿ.ಮೀ. ಕಾಡು. ಬೆಳಗ್ಗೆ ಬೇಗ ಹೋದರೆ ಗಂಡು ಹೆಣ್ಣು ಜೊತೆಯಾಗಿ ಕೂಗುವುದು ಮೊದಲು ಕೇಳಿಸುತ್ತದಂತೆ, ಆಮೇಲೆ ಕಾಣಿಸುತ್ತವಂತೆ. ತಂಗಿ ಹೋಗಿ ಬಂದಳು. ಅಲ್ಲಿಗೆ ಹೋಗಲು ಚಳಿಗಾಲವೇ ಸರಿ. ಅದು ನಮ್ಮ ಕುಯ್ಲಿನ ಹೊತ್ತು, ನಾನಿನ್ನೂ ಹೋಗಿಲ್ಲ.